ಬರಗಾಲದ ಲೆಕ್ಕ ಬಲ್ಲ ಪದವಿ ಯಾವುದು?

ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರಿನಿಂದ ಬಂದು ಬಿ.ಎಸ್ಸಿ.ಯಲ್ಲಿ ಗಣಿತ ಓದಿದವರಿಗೆ ‘ಹಣಕಾಸು ಗಣಿತ’ದ ಸ್ನಾತಕೋತ್ತರ ಪದವಿ ಎಂದೊಡನೆ ನೆನಪಾಗುವುದು ಮುಂಬೈ ಷೇರುಪೇಟೆ. ತಪ್ಪಲ್ಲ, ಆದರೆ ಅದು ಅರ್ಧ ಚಿತ್ರ. ನಾಳೆ ಆಗಬಹುದಾದ ನಷ್ಟಕ್ಕೆ ಇವತ್ತೇ ಬೆಲೆ ಕಟ್ಟುವುದು ಈ ಶಾಸ್ತ್ರದ ಅಸಲು ಕೆಲಸ. ಅದರ ಕಠಿಣ ಲೆಕ್ಕಗಳು ರಾಯಚೂರಿನ ಹೊಲಗಳಲ್ಲೂ ಇವೆ. ಮಳೆಯ ಅಳತೆ ನೋಡಿ ರೈತರಿಗೆ ವಿಮೆ ಕೊಡಬಹುದೆಂದು ಮೈಸೂರು ಸಂಸ್ಥಾನದಲ್ಲಿದ್ದ ಜೆ.ಎಸ್. ಚಕ್ರವರ್ತಿ 1920ರಲ್ಲೇ ಪುಸ್ತಕ ಬರೆದಿದ್ದರು. ಹವಾಮಾನ ಆಧಾರಿತ ಬೆಳೆ ವಿಮೆ ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಬಂದದ್ದು 2007ರ ಮುಂಗಾರಿಗೆ.

2016ರ ಫಸಲ್ ಬಿಮಾ ಯೋಜನೆಯನ್ನೇ ನೋಡಿ. ಮುಂಗಾರಿನ ಭತ್ತ, ತೊಗರಿಗೆ ರೈತ ಕಟ್ಟುವುದು ವಿಮಾ ಮೊತ್ತದ ಗರಿಷ್ಠ ಶೇ 2, ಹತ್ತಿಗೆ ಶೇ 5. ಮಿಕ್ಕ ಕಂತು ಸರ್ಕಾರಗಳದ್ದು. ಹಿಂದಿನ ಏಳು ವರ್ಷಗಳ ಪೈಕಿ ಒಳ್ಳೆಯ ಐದರ ಸರಾಸರಿಯಿಂದ ಖಾತರಿ ಇಳುವರಿ ನಿಗದಿಯಾಗುತ್ತದೆ. ಅದು ಎಕರೆಗೆ 10 ಕ್ವಿಂಟಲ್ ಎಂದುಕೊಳ್ಳೋಣ. ಬೆಳೆ ಕಟಾವು ಪ್ರಯೋಗದಲ್ಲಿ ಪಂಚಾಯಿತಿಯ ಸರಾಸರಿ 6 ಬಂದರೆ ವಿಮಾ ಮೊತ್ತದ ಶೇ 40 ಪರಿಹಾರ. ಆದರೆ ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗಕ್ಕೆ ನೀರು ಬಾರದೆ ಕೆಲವರ ಪೈರು ಒಣಗಿ, ಪಂಚಾಯಿತಿಯ ಸರಾಸರಿ ಮಾತ್ರ 10ರಲ್ಲೇ ನಿಂತರೆ? ಬೆಳೆ ಕಳೆದುಕೊಂಡವರಿಗೆ ಈ ಲೆಕ್ಕದಲ್ಲಿ ಬಿಡಿಗಾಸೂ ಇಲ್ಲ. ವಿಮಾ ಕಂಪನಿಯ ತಲೆನೋವು ಇದಕ್ಕೆ ತದ್ವಿರುದ್ಧ. ಜೀವವಿಮೆ ಪಡೆದವರೆಲ್ಲ ಒಂದೇ ವರ್ಷ ಸಾಯುವುದಿಲ್ಲ, ಬರ ಬಂದರೆ ಜಿಲ್ಲೆಗೆ ಜಿಲ್ಲೆಯೇ ಪರಿಹಾರ ಕೇಳುತ್ತದೆ. ಗ್ರಾಹಕರು ಹೆಚ್ಚಿದಷ್ಟೂ ಅಪಾಯ ಕಡಿಮೆ ಎಂಬ ಸೂತ್ರ ಇಲ್ಲಿ ಕೈಕೊಡುತ್ತದೆ.

ಈ ಗಣಿತಕ್ಕೇ ಮುಖಭಂಗವಾಗಿಲ್ಲವೇ ಎಂದು ಕೇಳಬಹುದು. ಆಗಿದೆ. 1997ರಲ್ಲಿ ಅರ್ಥಶಾಸ್ತ್ರಜ್ಞರಾದ ಶೋಲ್ಸ್ ಮತ್ತು ಮರ್ಟನ್ ಈ ಗಣಿತದ ಸೂತ್ರಕ್ಕಾಗಿಯೇ ನೊಬೆಲ್ ಪಡೆದರು. ಅವರು ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ನಿಧಿ ಮರುವರ್ಷವೇ ನೆಲಕಚ್ಚಿತು. ಬೇರೆಬೇರೆ ಎಂದುಕೊಂಡಿದ್ದ ಅಪಾಯಗಳು ಒಟ್ಟಿಗೇ ಎರಗಿದ್ದವು, ಬರದ ಹಾಗೆ. ಸೂತ್ರ ಬಳಸಲು ಕಂಪ್ಯೂಟರ್ ಸಾಕು. ಅದು ಯಾವಾಗ ಸುಳ್ಳಾಗುತ್ತದೆಂದು ಹೇಳುವವರಿಗೇ ಸಂಬಳ.

ಆದ್ದರಿಂದ ಪದವಿಯ ಹೆಸರಿಗೆ ಮರುಳಾಗಬಾರದು. ಸಂಭವನೀಯತೆ, ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್ ಗಟ್ಟಿಯಾಗಿರುವ ಸಾದಾ ಎಂ.ಎಸ್ಸಿ., ಲಕ್ಷಗಟ್ಟಲೆ ಶುಲ್ಕದ ‘ಫೈನಾನ್ಷಿಯಲ್’ ಫಲಕಕ್ಕಿಂತ ಮೇಲು. ಬ್ಯಾಂಕಿನ ಸಾಲದ ಅಪಾಯ ಅಳೆಯುವವರು, ಬೆಂಗಳೂರಿನಲ್ಲಿರುವ ವಿದೇಶಿ ಬ್ಯಾಂಕುಗಳ ಕಚೇರಿಗಳು, ವಿಮಾ ಕಂಪನಿಗಳು ನೋಡುವುದು ಈ ಕೌಶಲವನ್ನೇ. ಆಕ್ಚುಯರಿ, ಅಂದರೆ ವಿಮೆಯ ಅಪಾಯ ಲೆಕ್ಕ ಹಾಕುವ ತಜ್ಞ, ಆಗಲು ಸ್ನಾತಕೋತ್ತರ ಪದವಿಯೇ ಕಡ್ಡಾಯವಲ್ಲ. ಭಾರತೀಯ ಆಕ್ಚುಯರಿಗಳ ಸಂಸ್ಥೆಯ ಪ್ರವೇಶ ಪರೀಕ್ಷೆಯನ್ನು ಪಿಯುಸಿ ಆದವರೂ ಬರೆಯಬಹುದು. ಮುಂದಿನ ಪರೀಕ್ಷೆಗಳಿಗೆ ವರ್ಷಗಳು ಹಿಡಿಯುತ್ತವೆ ಎಂಬುದನ್ನು ಮಾತ್ರ ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ.

ಊರು ಬಿಟ್ಟು ಇಂಗ್ಲಿಷಿನಲ್ಲಿ ನಡೆಯುವ ಪರೀಕ್ಷೆ ಗೆಲ್ಲುವುದು ಹಳ್ಳಿಯ ಮಕ್ಕಳಿಗೆ ಸುಲಭವೇ ಎಂಬ ಆಕ್ಷೇಪ ನಿಜ. ರಾಯಚೂರಿನ ಕಡೆಯವರಿಗೆ ರಾಜ್ಯದಲ್ಲಿ ಸಿಗುವ 371(ಜೆ) ಮೀಸಲಾತಿಯೂ ಇಂಥ ಎಂ.ಎಸ್ಸಿ. ಇರುವ ಐಐಟಿಗಳಲ್ಲಿ ಒದಗುವುದಿಲ್ಲ. ಹಾಗಾಗಿ ತಯಾರಿ ಪದವಿಯ ಎರಡನೇ ವರ್ಷದಿಂದಲೇ ಆಗಬೇಕು. ಐಐಟಿಗಳ ಎಂ.ಎಸ್ಸಿ.ಗೆ ದಾರಿಯಾದ ‘ಜಾಮ್’ ಪರೀಕ್ಷೆ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ನಡೆಯುತ್ತದೆ. ಅರ್ಜಿ ಹಾಕಬೇಕಾದದ್ದು ಅದರ ಹಿಂದಿನ ಸೆಪ್ಟೆಂಬರ್ ಹೊತ್ತಿಗೆ.