ಅಂಗಡಿಯ ಹಿಂದಿನ ರಾತ್ರಿಶಾಲೆ

ದೊಡ್ಡವರಿಗೆ ಅಕ್ಷರ ಕಲಿಸಿದವಳು ನಾನು. ಕುಡುಗೋಲು ಹಿಡಿದು ಗಟ್ಟಿಯಾದ ಬೆರಳಿಗೆ ಪೆನ್ಸಿಲ್ ಎಷ್ಟು ಭಾರವೆಂದು ಬಲ್ಲೆ. ಹಾಗಾಗಿ ಅಮೆರಿಕದ ಕಪ್ಪು ಜನರ ಹೋರಾಟ ಎಂದಾಗ ನನಗೆ ಮೊದಲು ನೆನಪಾಗುವವರು ಸೆಪ್ಟಿಮಾ ಕ್ಲಾರ್ಕ್.

ದಕ್ಷಿಣ ಕ್ಯಾರೊಲೈನಾದ ಈ ಶಿಕ್ಷಕಿ, ನಾಗರಿಕ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸದಸ್ಯತ್ವ ಬಿಡಲೊಪ್ಪದೆ 1956ರಲ್ಲಿ ಕೆಲಸ ಕಳೆದುಕೊಂಡರು. ಮರುವರ್ಷ ಅದೇ ರಾಜ್ಯದ ಜಾನ್ಸ್ ದ್ವೀಪದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ರಾತ್ರಿಶಾಲೆ ಶುರುವಾಯಿತು. ಓದಲು ಬಾರದಿದ್ದರೆ ಮತದಾರರ ಪಟ್ಟಿಗೆ ಸೇರಿಸಿಕೊಳ್ಳದ ಕಾಲ ಅದು. ಪಾಠ ಹೇಳಲು ಕ್ಲಾರ್ಕ್ ಹುಡುಕಿದ್ದು ಪಂಡಿತರನ್ನಲ್ಲ, ಕೇಶಾಲಂಕಾರದ ಕೆಲಸ ಮಾಡುತ್ತಿದ್ದ ಬರ್ನಿಸ್ ರಾಬಿನ್ಸನ್ ಅವರನ್ನು. ಆಕೆ ಮೊದಲು ಕೇಳಿದ್ದು, ನಿಮಗೇನು ಕಲಿಯಬೇಕು ಎಂದು. ಹೆಸರು ಬರೆಯಬೇಕು, ಮನಿ ಆರ್ಡರ್ ಫಾರಂ ತುಂಬಬೇಕು, ಬೈಬಲ್ ಓದಬೇಕು ಎಂದರು ಜನ. ಅದೇ ಪಠ್ಯವಾಯಿತು. ರಟ್ಟಿನ ಮೇಲೆ ಬರೆದುಕೊಟ್ಟ ತಮ್ಮ ಹೆಸರನ್ನು ತಿದ್ದಿ ತಿದ್ದಿ ಕಲಿತರು.

ಇಂಥ ಶಾಲೆಗಳು ಮುಂದೆ ದಕ್ಷಿಣದ ರಾಜ್ಯಗಳ ತುಂಬ ಹಬ್ಬಿದವು. ಎಲ್ಲ ಮೆರವಣಿಗೆಗೂ ನೀವೇ ಮುಂದಾಳಾಗಬೇಡಿ, ಬೇರೆಯವರನ್ನೂ ಬೆಳೆಸಿ ಎಂದು ಕ್ಲಾರ್ಕ್, ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರಿಗೇ ಪತ್ರ ಬರೆದರು. ಅದನ್ನು ಕಿಂಗ್ ತಮ್ಮವರ ಸಭೆಯಲ್ಲಿ ಓದಿದಾಗ ಉಳಿದವರು ನಕ್ಕರಂತೆ. ನನ್ನ ಮಟ್ಟಿಗೆ ಆ ಚಳವಳಿಯ ಅತಿ ಮುಖ್ಯ ಪತ್ರಗಳಲ್ಲಿ ಅದೂ ಒಂದು.