ಲ್ಯಾಪ್‌ಟಾಪಿಗೆ ನೆಲದ ನಡುಕ ತಿಳಿಯುವುದು ಹೇಗೆ?

2022ರ ಜುಲೈ 9ರ ಬೆಳಗ್ಗೆ ವಿಜಯಪುರ ಜಿಲ್ಲೆಯಲ್ಲಿ ಭೂಮಿ ಕಂಪಿಸಿತು. ತೀವ್ರತೆ 4.4. ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಹತ್ತು ಸಾವಿರದಷ್ಟು ಜನರನ್ನು ಬಲಿ ತೆಗೆದುಕೊಂಡ ಭೂಕಂಪವನ್ನು ಕಂಡ ಸೀಮೆಯಿದು. ಇಲ್ಲಿ ಸಣ್ಣ ನಡುಕಕ್ಕೂ ಎದೆ ಝಲ್ಲೆನ್ನುತ್ತದೆ.

ಇಂಥ ನಡುಕವನ್ನು ಮನೆಯ ಲ್ಯಾಪ್‌ಟಾಪೇ ಗುರುತಿಸಬಲ್ಲದೇ? ಬಲ್ಲದು, ಅದರೊಳಗೆ ಚಲನೆಯ ಸೆನ್ಸರ್ ಇದ್ದರೆ.

ಆ ಸೆನ್ಸರ್ ಲ್ಯಾಪ್‌ಟಾಪಿಗೆ ಬಂದದ್ದು ಭೂಕಂಪಕ್ಕಾಗಿ ಅಲ್ಲ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ಓದುವ ಮೊನೆ ತೇಲುತ್ತಿರುತ್ತದೆ. ಯಂತ್ರ ಕೈಜಾರಿ ಬಿದ್ದರೆ ಮೊನೆ ತಟ್ಟೆಗೆ ಬಡಿದು ಮಾಹಿತಿಯೆಲ್ಲ ಹಾಳಾಗಬಹುದು. ಬೀಳುತ್ತಿರುವುದನ್ನು ಸೆನ್ಸರ್ ಕ್ಷಣಾರ್ಧದಲ್ಲಿ ತಿಳಿದರೆ, ನೆಲ ಮುಟ್ಟುವ ಮೊದಲೇ ಮೊನೆ ಪಕ್ಕಕ್ಕೆ ಸರಿಯುತ್ತದೆ. ಐಬಿಎಂ 2003ರಲ್ಲಿ ಥಿಂಕ್‌ಪ್ಯಾಡಿಗೆ, ಆಪಲ್ 2005ರಲ್ಲಿ ಪವರ್‌ಬುಕ್‌ಗೆ ಇದನ್ನು ಅಳವಡಿಸಿದವು.

ಜಾಣರು ಅದಕ್ಕೆ ಬೇರೆ ಕೆಲಸವನ್ನೂ ಹಚ್ಚಿದರು. ‘ಸೈಸ್‌ಮ್ಯಾಕ್’ ಎಂಬ ಆ್ಯಪ್ ಆಪಲ್ ಲ್ಯಾಪ್‌ಟಾಪನ್ನೇ ಕಂಪನಮಾಪಕ ಮಾಡಿತು. ಅಕ್ಕಪಕ್ಕ, ಹಿಂದೆಮುಂದೆ, ಮೇಲೆಕೆಳಗೆ ಎಂದು ಮೂರು ಗೆರೆಗಳು ಪರದೆಯ ಮೇಲೆ ಓಡುತ್ತಿದ್ದವು; ಮೇಜು ಕುಟ್ಟಿದರೆ ಗೆರೆ ಜಿಗಿಯುತ್ತಿತ್ತು. 2008ರ ಸುಮಾರಿಗೆ ಸ್ಟ್ಯಾನ್‌ಫರ್ಡಿನ ‘ಕ್ವೇಕ್ ಕ್ಯಾಚರ್ ನೆಟ್‌ವರ್ಕ್’ ಇಂಥ ಲ್ಯಾಪ್‌ಟಾಪುಗಳನ್ನು ಅಂತರ್ಜಾಲದಲ್ಲಿ ಜೋಡಿಸಿ ಭೂಕಂಪ ಪತ್ತೆಗೆ ಬಳಸಿತು. ಜೋಡಿಸುವುದೇಕೆ? ಒಂದೇ ಯಂತ್ರವನ್ನು ನಂಬಲಾಗದು. ರಾಷ್ಟ್ರೀಯ ಹೆದ್ದಾರಿ 52ರ ಮೇಲಿರುವ ಝಳಕಿಯ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪ್ ಇಟ್ಟರೆ, ಕಬ್ಬಿನ ಟ್ರಾಲಿ ದಡಬಡ ಹೋದಾಗಲೂ ಗೆರೆ ಕುಣಿದೀತು. ಹಲವು ಊರುಗಳ ಯಂತ್ರಗಳು ಒಟ್ಟಿಗೆ ಅಲುಗಿದರೆ ಮಾತ್ರ ಸಂಶಯ ಗಟ್ಟಿಯಾಗುತ್ತದೆ.

ಇನ್ನೊಂದು ತೊಡಕು ಇರುವುದು ಯಂತ್ರದೊಳಗೇ. ಎಲ್ಲ ಮಾದರಿಗಳಲ್ಲೂ ಸೆನ್ಸರನ್ನು ಒಂದೇ ದಿಕ್ಕಿಗೆ ಕೂರಿಸಿರುವುದಿಲ್ಲ. ಒಂದರಲ್ಲಿ ಎಡವೆಂದು ಬರುವ ಅಂಕಿ ಇನ್ನೊಂದರಲ್ಲಿ ಬಲವಾಗಬಹುದು, ಹಾಗಾಗಿ ಆ್ಯಪ್ ಬರೆಯುವವರು ಮಾದರಿವಾರು ತಿದ್ದುಪಡಿ ಸೇರಿಸಬೇಕು. ಲಿನಕ್ಸ್‌ನಲ್ಲಿ ಇದಕ್ಕೆಂದೇ ಮಾದರಿವಾರು ಪಟ್ಟಿಯೊಂದಿದೆ. ಅದರಲ್ಲಿ ತಪ್ಪಿದರೆ, ಸೆನ್ಸರ್ ನೋಡಿ ಚಿತ್ರ ತಿರುಗಿಸುವ ಯಂತ್ರಗಳಲ್ಲಿ ಪರದೆಯ ಚಿತ್ರ ತಲೆಕೆಳಗಾಗಿ ನಿಲ್ಲಬಹುದು.

ಆಮೇಲೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂತು. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಮೊನೆಯನ್ನು ಕಾಪಾಡುವ ಕೆಲಸವೂ ಇಲ್ಲ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಆಪಲ್ ಆ ಸೆನ್ಸರನ್ನು ಕೈಬಿಟ್ಟಿತು. ಅದನ್ನೇ ನೆಚ್ಚಿಕೊಂಡಿದ್ದ ಆ್ಯಪ್‌ಗಳಿಗೆ ಹೊಸ ಯಂತ್ರಗಳಲ್ಲಿ ನೆಲೆ ತಪ್ಪಿತು. ಆ್ಯಪ್‌ನಲ್ಲಿ ದೋಷವಿರಲಿಲ್ಲ, ಅದಕ್ಕೆ ಸುದ್ದಿ ಕೊಡುವ ಭಾಗವೇ ಇರಲಿಲ್ಲ.

ಪರದೆ ಮಡಚಿ ಟ್ಯಾಬ್ಲೆಟಿನಂತೆ ಬಳಸುವ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಸೆನ್ಸರ್ ಇರುತ್ತದೆ, ಯಂತ್ರವನ್ನು ಹೇಗೆ ಹಿಡಿದರೂ ಚಿತ್ರ ನೆಟ್ಟಗೆ ಕಾಣಲೆಂದು. ಸಾದಾ ಮಾದರಿಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು ‘ಸೆನ್ಸರ್ಸ್’ ಎಂಬ ವಿಭಾಗವಿದೆಯೇ ಎಂದು ಮೊದಲು ನೋಡಬೇಕು. ಇದ್ದರೆ, ಕಂಪನಿಯ ಜಾಲತಾಣದಲ್ಲಿ ಅದೇ ಮಾದರಿಯ ಡ್ರೈವರ್ ಸಿಗುತ್ತದೆಯೇ ಎಂಬುದನ್ನೂ ಪರೀಕ್ಷಿಸುವುದು ಒಳ್ಳೆಯದು. ಕಂಪನ ಅಳೆಯುವ ಆ್ಯಪ್‌ಗೆ ಹಣ ಕೊಡುವ ಮಾತು ಅದರ ಬಳಿಕ.

ಲ್ಯಾಪ್‌ಟಾಪಿನಲ್ಲಿ ಸೆನ್ಸರ್ ಅಥವಾ ಅದರ ಡ್ರೈವರ್ ಇಲ್ಲದವರು ಕಿಸೆಯತ್ತ ನೋಡಬಹುದು. ಸ್ಮಾರ್ಟ್‌ಫೋನುಗಳಲ್ಲಿ ಈ ಸೆನ್ಸರ್ ಸಾಮಾನ್ಯ ಭಾಗ. 2023ರ ಸೆಪ್ಟೆಂಬರಿನಲ್ಲಿ ಗೂಗಲ್, ಫೋನುಗಳ ಕಂಪನವನ್ನು ಒಟ್ಟುಗೂಡಿಸಿ ಭೂಕಂಪದ ಎಚ್ಚರಿಕೆ ಕೊಡುವ ಆ್ಯಂಡ್ರಾಯ್ಡ್ ವ್ಯವಸ್ಥೆಯನ್ನು ಭಾರತಕ್ಕೂ ತಂದಿತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತು ವಿಭಾಗದೊಳಗೆ ಅದು ಚಾಲೂ ಇದೆಯೇ ಎಂದು ನೋಡಿಕೊಳ್ಳಬಹುದು.