ಹೊಸ ಉದ್ಯಮಗಳೂ ಗೃಹಸ್ಥನ ಗಂಟೂ

ಹಲವರು ಕೂಡಿ ಬಂಡವಾಳ ಹಾಕಿ ವ್ಯಾಪಾರ ಮಾಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ 'ಸಂಭೂಯಸಮುತ್ಥಾನ'ವೆಂಬುದೂ ಒಂದು. ಹಲವರು ಕೂಡಿ ಕಾರ್ಯಕ್ಕೆ ಏಳುವುದೆಂದು ಅದರ ಅರ್ಥ. ಆದರೆ ಹಿಂದಿನ ಪಾಲುಗಾರರು ಬಹುಮಟ್ಟಿಗೆ ಒಬ್ಬರನ್ನೊಬ್ಬರು ಬಲ್ಲವರಾಗಿರುತ್ತಿದ್ದರು. ಈಗಲಾದರೋ ಬೆಂಗಳೂರಿನ ಸ್ಟಾರ್ಟಪ್ ಕಂಪೆನಿಯೊಂದಕ್ಕೆ ಶಿರಸಿಯ ಅಡಕೆ ಬೆಳೆಗಾರನೂ ಧಾರವಾಡದ ಪಿಂಚಣಿದಾರನೂ ಪಾಲುಗಾರರಾಗಬಹುದು. ಆ ಕಂಪೆನಿಯ ಬಾಗಿಲನ್ನು ಕೂಡ ಅವರು ಕಂಡಿರುವುದಿಲ್ಲ. ಮುಖಪರಿಚಯವು ಮಾಡುತ್ತಿದ್ದ ಕೆಲಸವನ್ನು ಇಂಥ ಕಡೆ ಶಾಸನವು ಮಾಡಬೇಕಾಗುತ್ತದೆ.

ಸ್ಟಾರ್ಟಪ್ ಎಂಬುದು ಮೊದಲು ಸ್ಥಾಪಕರ ಹಣದಿಂದಲೂ ಬಳಿಕ ದೊಡ್ಡ ಹೂಡಿಕೆದಾರರ ಹಣದಿಂದಲೂ ಬೆಳೆಯುತ್ತದೆ. ಆಗ ಲೆಕ್ಕ ಕೇಳುವವರು ಕೆಲವರೇ. ಅವರು ನಷ್ಟವನ್ನು ತಡೆದುಕೊಳ್ಳಬಲ್ಲವರು. ಅದು ಸಾರ್ವಜನಿಕರಿಗೆ ಷೇರು ಮಾರಲು ಹೊರಟಾಗಲೇ ಗೃಹಸ್ಥನ ಗಂಟಿಗೂ ಅದಕ್ಕೂ ಸಂಬಂಧವುಂಟಾಗುವುದು.

1947ರ ಶಾಸನದ ಮೇರೆಗೆ ಹೊಸ ಷೇರುಗಳ ಬೆಲೆಯಲ್ಲಿ ಸರ್ಕಾರದ ಕೈವಾಡವಿದ್ದಿತು. 1992ರಲ್ಲಿ ಆ ಶಾಸನವು ರದ್ದಾಗಿ, ಸೆಬಿಗೆ ಶಾಸನಬದ್ಧ ಅಧಿಕಾರವು ದೊರೆಯಿತು. ಅಂದಿನಿಂದ ಬೆಲೆ ಕಟ್ಟುವವರು ಕಂಪೆನಿಯವರೇ. ಸಂಗತಿಗಳನ್ನು ಮುಚ್ಚಿಡದೆ ವಿವರಣಪತ್ರದಲ್ಲಿ ತಿಳಿಸಬೇಕೆಂದು ಸೆಬಿಯು ಕಟ್ಟುಮಾಡುತ್ತದೆಯೇ ಹೊರತು, ಬೆಲೆಯು ನ್ಯಾಯವಾದುದೆಂದು ಹೊಣೆ ನಿಲ್ಲುವುದಿಲ್ಲ. ಈ ಭೇದವನ್ನು ವಾಚಕರು ಚೆನ್ನಾಗಿ ಮನಗಾಣಬೇಕು.

ಲಾಭವಿಲ್ಲದ ಕಂಪೆನಿಗೂ ಸೆಬಿಯು ದಾರಿಯನ್ನು ಮುಚ್ಚಿಲ್ಲ. ಹಿಂದಿನ 3 ವರ್ಷಗಳಲ್ಲಿ ಸರಾಸರಿ 15 ಕೋಟಿ ರೂಪಾಯಿಗಳ ವ್ಯವಹಾರಲಾಭವನ್ನು ತೋರಿಸಲಾರದ ಕಂಪೆನಿಯು ಶೇಕಡಾ 75ಕ್ಕೆ ಕಡಿಮೆಯಿಲ್ಲದಷ್ಟು ಷೇರುಗಳನ್ನು ದೊಡ್ಡ ಸಂಸ್ಥೆಗಳಿಗೇ ಕೊಡಬೇಕು. ಸಣ್ಣ ಹೂಡಿಕೆದಾರರಿಗೆ ಮೀಸಲು ಶೇಕಡಾ 10ನ್ನು ಮೀರಕೂಡದು. ಬಲ್ಲವರು ಮೊದಲು ಪರೀಕ್ಷಿಸಲೆಂಬುದೇ ಇದರ ಆಶಯ.

ಆದರೂ ಬಲ್ಲವರೂ ಎಡವುತ್ತಾರೆ. 2021ರ ನವೆಂಬರಿನಲ್ಲಿ ಪೇಟಿಎಂ ಕಂಪೆನಿಯು 2,150 ರೂಪಾಯಿಗಳಂತೆ ಷೇರು ನೀಡಿ 18,300 ಕೋಟಿ ರೂಪಾಯಿಗಳನ್ನು ಎತ್ತಿತು. ಮಾರುಕಟ್ಟೆಗೆ ಬಂದ ಮೊದಲ ದಿನವೇ ಬೆಲೆಯು ಶೇಕಡಾ 27ರಷ್ಟು ಇಳಿಯಿತು. ಎತ್ತಿದ ಹಣದಲ್ಲಿ 10,000 ಕೋಟಿಯು ಕಂಪೆನಿಯ ಪೆಟ್ಟಿಗೆಗೆ ಸೇರದೆ, ತಮ್ಮ ಷೇರುಗಳನ್ನು ಮಾರಿದ ಹಳೆಯ ಪಾಲುಗಾರರಿಗೆ ಸಂದಿತ್ತು. ಇದಕ್ಕೆ ಪ್ರತಿಯಾಗಿ, 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಗಳಂತೆ ಷೇರು ನೀಡಿದಾಗ ಕೊಳ್ಳುವವರೇ ಸಾಲದಾದರು. ಕೊಂಡು ತಾಳ್ಮೆಯಿಂದಿದ್ದವರು ಮುಂದೆ ಸಿರಿವಂತರಾದರು. ಮೊದಲ ದಿನದ ಗದ್ದಲವು ಗುಣಕ್ಕೆ ಪ್ರಮಾಣವಲ್ಲ.

ಬೆಲೆಯ ಮಾತು ಹಾಗಿರಲಿ. ಅದಕ್ಕಿಂತ ಮುಖ್ಯವಾದುದು ಆಡಳಿತ. ಕಂಪೆನಿಯನ್ನು ಕಟ್ಟಿದವನು ಅದನ್ನು ತನ್ನ ಮನೆಯೆಂದೇ ಭಾವಿಸುವುದು ಸಹಜ. ಆದರೆ ಷೇರು ಮಾರಿದ ಮೇಲೆ ಅವನು ಪರಧನದ ಪಾಲಕನು. ಆದುದರಿಂದಲೇ ಸ್ವತಂತ್ರ ನಿರ್ದೇಶಕರಿರಬೇಕು, ಲೆಕ್ಕಪರಿಶೋಧನ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲು ಅವರೇ ಆಗಿರಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಪ್ರಕಟಿಸಬೇಕು ಎಂಬ ನಿಯಮಗಳು. ನಿಯಮಗಳಿದ್ದ ಮಾತ್ರಕ್ಕೆ ಸಾಲದೆಂಬುದಕ್ಕೆ ಸತ್ಯಂ ಕಂಪೆನಿಯೇ ನಿದರ್ಶನ. ಅದಕ್ಕೆ ಹೆಸರಾಂತ ನಿರ್ದೇಶಕರಿದ್ದರು, ಹೆಸರಾಂತ ಪರಿಶೋಧಕರಿದ್ದರು. ಆದರೂ 2009ರ ಜನವರಿ 7ರಂದು ಲೆಕ್ಕಗಳು ಸುಳ್ಳೆಂದು ಅದರ ಅಧ್ಯಕ್ಷನೇ ಒಪ್ಪಿಕೊಂಡನು. ಬೇಲಿಯಿದ್ದರೂ ಕಾವಲುಗಾರನು ಎಚ್ಚರವಾಗಿರಬೇಕಷ್ಟೆ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ವಿವರಣಪತ್ರವನ್ನೆಲ್ಲ ಓದಲಾಗದಿದ್ದರೂ ಮೂರು ಸಂಗತಿಗಳನ್ನು ನೋಡಲಿ: ಹಣವು ಕಂಪೆನಿಗೆ ಹೋಗುವುದೋ, ಹಳೆಯ ಪಾಲುಗಾರರಿಗೋ, ಸ್ಥಾಪಕರ ಬಂಧುಗಳೊಡನೆಯೂ ಅವರ ಇತರ ಸಂಸ್ಥೆಗಳೊಡನೆಯೂ ಕಂಪೆನಿಯ ವ್ಯವಹಾರವೆಷ್ಟು, ಲೆಕ್ಕಪರಿಶೋಧಕರು ಆಕ್ಷೇಪವನ್ನೇನಾದರೂ ಬರೆದಿರುವರೋ. ಮಗಳ ಮದುವೆಗೆಂದು, ಮಗನ ಓದಿಗೆಂದು, ಮುಪ್ಪಿನ ಔಷಧಕ್ಕೆಂದು ಇಟ್ಟ ಹಣವನ್ನು ಈ ದಾರಿಗೆ ತರಲೇಬಾರದು. ಸಾಲ ತಂದಂತೂ ಕೂಡದು. ಉಳಿದುದರಲ್ಲಿ, ಹೋದರೂ ಮನೆಯ ಒಲೆ ಆರದಷ್ಟನ್ನು ಮಾತ್ರ ಹಾಕಬಹುದು. ಹೊಸ ಉದ್ಯಮಗಳು ಬೆಳೆಯಬೇಕು, ನಮ್ಮ ತರುಣರಿಗೆ ಕೆಲಸ ದೊರೆಯಬೇಕು ಎಂಬ ಆಸೆ ನಮಗೂ ಉಂಟು. ಲೆಕ್ಕ ಕೇಳುವ ಪಾಲುಗಾರರಿದ್ದಲ್ಲಿ ಆ ಬೆಳವಣಿಗೆಯು ನೇರವಾಗಿಯೂ ಇರುವುದು.